ಪೆನ್ ಡ್ರೈವಿನಿಂದ ಕಂಪ್ಯೂಟರಿಗೆ ಬರುವ ವೇಗ

ಹಳೆಯ ಕಂಪ್ಯೂಟರಿಗೆ ಒಂದು ಪೆನ್ ಡ್ರೈವನ್ನು ಚುಚ್ಚಿಬಿಟ್ಟರೆ ಅದರ ವೇಗ ಇಮ್ಮಡಿಯಾಗುವುದೆಂಬ ನಂಬಿಕೆ ನಮ್ಮ ಕಡೆ, ಮಂಡ್ಯದಿಂದ ಮಳವಳ್ಳಿಯವರೆಗೆ, ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಜೆರಾಕ್ಸ್ ಅಂಗಡಿಗಳವರಲ್ಲಿಯೂ ಎಷ್ಟು ದೃಢವಾಗಿ ನೆಲೆಸಿದೆಯೆಂದರೆ, ಅದರ ಪ್ರಸ್ತಾಪವಿಲ್ಲದೆ ಈ ಅಂಕಣಕ್ಕೆ ಒಂದು ತಿಂಗಳೂ ಕಳೆಯುವುದಿಲ್ಲ. “ಸಾರ್, ಸಿಸ್ಟಮ್ಮು ಬಲೇ ಸ್ಲೋ ಆಗೋಗದೆ, 16 ಜಿಬಿ ಪೆನ್ ಡ್ರೈವ್ ಹಾಕುದ್ರೆ 16 ಜಿಬಿ ರ್‍ಯಾಮ್ ಹಾಕ್ದಂಗೇ ಅಂತಾರಲ್ಲ, ದಿಟವಾ?” ಎಂದು ಮದ್ದೂರಿನ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯೇ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ನಂಬಿಕೆಗೆ ಆಧಾರವೇ ಇಲ್ಲವೆಂದು ತಳ್ಳಿಹಾಕುವಂತಿಲ್ಲ. ಅದರ ಬುಡದಲ್ಲಿ ಒಂದು ನಿಜವಾದ, ಬುದ್ಧಿವಂತಿಕೆಯ, ಒಂದು ಕಾಲಕ್ಕೆ ತಕ್ಕುದಾದ ಉಪಾಯವಿದೆ. ಆದರೆ ಆ ಉಪಾಯ ಹುಟ್ಟಿದ ಕಾಲ ಯಾವುದು, ಅದು ಯಾವ ಬಗೆಯ ಯಂತ್ರಕ್ಕೆ ಉದ್ದೇಶಿತವಾದುದು ಎಂಬ ವಿವರಗಳೆಲ್ಲ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಗಿ, “ಪೆನ್ ಡ್ರೈವೇ ರ್‍ಯಾಮ್” ಎಂಬ ಅಸತ್ಯವಷ್ಟೇ ಉಳಿದುಕೊಂಡಿದೆ. ಇದರಿಂದ ಬಡ ವಿದ್ಯಾರ್ಥಿಗಳ ಹಣ ಪೋಲಾಗುತ್ತಿರುವುದನ್ನು ನೋಡಿದ ಮೇಲೆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬಿಡಿಸಿ ಹೇಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಕಂಪ್ಯೂಟರ್ ನಿಧಾನವಾಗುವುದೆಂದರೆ ಏನೆಂಬುದನ್ನು ಮೊದಲು ಕಣ್ಣಾರೆ ನೋಡಬೇಕು. ನಾನು ಅದನ್ನು ಕಂಡದ್ದು ಶಿವಪುರಕ್ಕೆ ಸಂಬಂಧಿಸಿದ ಕೆಲಸವೊಂದರ ನಡುವೆ. ನಮ್ಮ ಜಿಲ್ಲೆಯ ಆ ಊರೆಂದರೆ ನಮಗೆಲ್ಲ ನೆನಪಾಗುವುದು 1938ರ ಏಪ್ರಿಲ್ ತಿಂಗಳು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸು ಅಲ್ಲಿ ಸೇರಿ, ಸಂಸ್ಥಾನದ ಸರಕಾರದ ಪ್ರತಿಬಂಧವನ್ನು ಲಕ್ಷಿಸದೆ ಧ್ವಜವನ್ನೇರಿಸಿದ ಆ ದಿನಗಳ ಸ್ಮರಣೆಗಾಗಿ ಕಟ್ಟಿದ ಸತ್ಯಾಗ್ರಹ ಸೌಧ ಇಂದಿಗೂ ಅಲ್ಲಿದೆ. ಆ ಧ್ವಜ ಸತ್ಯಾಗ್ರಹವನ್ನು ಕುರಿತು ಮಕ್ಕಳಿಗೆ ಹಂಚಲು ಒಂದು ಕರಪತ್ರವನ್ನು ಸಿದ್ಧಪಡಿಸಬೇಕೆಂದು ಹೊರಟ ಮೇಷ್ಟ್ರೊಬ್ಬರ ಜೊತೆಯಲ್ಲಿ, ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಕುಳಿತಿದ್ದೆ. ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಎರಡು ಪುಟ, ನಾಲ್ಕು ಹಳೆಯ ಛಾಯಾಚಿತ್ರ, ಇಷ್ಟೇ ಕೆಲಸ. ಚಿತ್ರವೊಂದನ್ನು ತೆರೆಯಲು ಹೇಳಿದ ಮೇಲೆ ಪರದೆಯ ಮೇಲೆ ಆ ನೀಲಿ ಬಳೆ ಸುತ್ತತೊಡಗಿತು. ಅಕ್ಷರ ಒತ್ತಿದರೆ ಅಕ್ಷರ ಮೂಡಲಿಲ್ಲ. ಪೆಟ್ಟಿಗೆಯೊಳಗಿನಿಂದ ಕರಕರನೆ ಒಂದು ಸಣ್ಣ ಸದ್ದು ಎಡೆಬಿಡದೆ ಕೇಳಿಬರುತ್ತಿತ್ತು. “ಒಸಿ ತಡೀರಿ ಮೇಷ್ಟ್ರೇ, ಓಪನ್ ಆಯ್ತದೆ,” ಎಂದು ಅಂಗಡಿಯವರು ಸಮಾಧಾನ ಹೇಳುತ್ತಿದ್ದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿ ಟಾಸ್ಕ್ ಮ್ಯಾನೇಜರನ್ನು ತೆರೆಸಿದೆ. ಪ್ರೊಸೆಸರ್ ಶೇಕಡ 20ರಷ್ಟು ಕೂಡ ದುಡಿಯುತ್ತಿರಲಿಲ್ಲ. ಮೆಮೊರಿ ಶೇಕಡ 90ನ್ನು ದಾಟಿತ್ತು. ಡಿಸ್ಕ್ ಎಂಬ ಕಾಲಮು ಮಾತ್ರ ಕೆಂಪೇರಿ ಶೇಕಡ 100ರಲ್ಲಿ ನಿಂತುಬಿಟ್ಟಿತ್ತು. ಬುದ್ಧಿ ಬಿಡುವಾಗಿ ಕುಳಿತಿದೆ, ಕೈ ಸೋತುಹೋಗಿದೆ: ನಮ್ಮೂರುಗಳ ಹಳೆಯ ಯಂತ್ರಗಳಲ್ಲಿ ನಾನು ಕಂಡಿರುವುದು ಬಹುಮಟ್ಟಿಗೆ ಇದೇ ವ್ಯಾಧಿ.

ಇದರ ಕಾರಣವನ್ನು ತಿಳಿಯಲು ನಮ್ಮ ಜಿಲ್ಲೆಯ ನೀರಾವರಿಗಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಕನ್ನಂಬಾಡಿಯ ಜಲಾಶಯದಲ್ಲಿ ನೀರು ಅಪಾರವಾಗಿರಬಹುದು. ಆದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಅದು ಹರಿದು, ಸರದಿಯನ್ನು ಕಾದು, ಮದ್ದೂರು ಮಳವಳ್ಳಿಗಳ ಕೊನೆಯ ಭಾಗದ ಗದ್ದೆಗೆ ಮುಟ್ಟುವುದಕ್ಕೆ ಹಿಡಿಯುವ ಕಾಲವನ್ನು ಆ ಭಾಗದ ರೈತರನ್ನೇ ಕೇಳಬೇಕು. ಗದ್ದೆಯಲ್ಲಿ ಈಗಾಗಲೇ ನಿಂತಿರುವ ನೀರು ಬೆಳೆಗೆ ಆ ಕ್ಷಣವೇ ದೊರೆಯುತ್ತದೆ. ಆದರೆ ಗದ್ದೆಯ ಬದುವಿನೊಳಗೆ ಹಿಡಿಯುವಷ್ಟೇ ನೀರು ಹಿಡಿಯುತ್ತದೆ. ಹಾರ್ಡ್ ಡಿಸ್ಕ್ ಆ ಜಲಾಶಯ, ರ್‍ಯಾಮ್ ಈ ಗದ್ದೆ. ಇವೆರಡರ ನಡುವೆ ಊರ ಮುಂದಿನ ಕೆರೆಯೊಂದು ತುಂಬಿದ್ದರೆ ನಾಲೆಯ ಸರದಿಯನ್ನು ಕಾಯಬೇಕಾದ ಪ್ರಮೇಯ ಎಷ್ಟೋ ಸಲ ತಪ್ಪುತ್ತದೆ. ಪೆನ್ ಡ್ರೈವಿಗೆ ವಹಿಸಿಕೊಟ್ಟ ಕೆಲಸ ಈ ನಡುವಣ ಕೆರೆಯದು. ಒಂದೇ ಭೇದ: ಕೆರೆಯ ನೀರನ್ನು ಬಳಸಿದರೆ ಮುಗಿಯುತ್ತದೆ, ಇಲ್ಲಿರುವುದಾದರೋ ಹಾರ್ಡ್ ಡಿಸ್ಕಿನಲ್ಲಿರುವ ಮಾಹಿತಿಯ ಪ್ರತಿಯಾದ್ದರಿಂದ ಎಷ್ಟು ಬಾರಿ ತೆಗೆದರೂ ಕಡಮೆಯಾಗುವುದಿಲ್ಲ.

ಇನ್ನು ಲೆಕ್ಕವನ್ನು ನೋಡೋಣ. ವಿಷಯದ ಸಾರವೆಲ್ಲ ಇರುವುದು ಈ ಲೆಕ್ಕದಲ್ಲಿಯೇ. ಸಾಮಾನ್ಯವಾದ ಹಾರ್ಡ್ ಡಿಸ್ಕಿನ ಒಳಗೆ ಲೋಹಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಲ್ಯಾಪ್‌ಟಾಪುಗಳಲ್ಲಿ ಅನೇಕ ವೇಳೆ 5400 ಸುತ್ತು ಮಾತ್ರ. ತಟ್ಟೆಯ ಮೇಲೆ ಒಂದು ಸಣ್ಣ ತೋಳು ಅತ್ತಿತ್ತ ಚಲಿಸುತ್ತ, ಬೇಕಾದ ಮಾಹಿತಿ ಇರುವ ವೃತ್ತದ ಮೇಲೆ ಬಂದು ನಿಂತು, ಆ ಮಾಹಿತಿಯ ತುಣುಕು ತನ್ನ ಕೆಳಗೆ ಬರುವವರೆಗೆ ಕಾಯಬೇಕು. ತೋಳು ಸರಿಯುವುದಕ್ಕೆ ಸರಾಸರಿ ಎಂಟೊಂಬತ್ತು ಮಿಲಿಸೆಕೆಂಡು, ತಟ್ಟೆ ಅರ್ಧ ಸುತ್ತು ತಿರುಗುವುದಕ್ಕೆ ನಾಲ್ಕು ಮಿಲಿಸೆಕೆಂಡು. ಒಟ್ಟಿನಲ್ಲಿ ಚದರಿಹೋದ ಒಂದೊಂದು ತುಣುಕಿಗೂ ಹನ್ನೆರಡು ಹದಿಮೂರು ಮಿಲಿಸೆಕೆಂಡು ತಗಲುತ್ತದೆ. ಹೀಗಾಗಿ ಸೆಕೆಂಡಿಗೆ 80 ತುಣುಕುಗಳನ್ನು ಆಯ್ದುಕೊಟ್ಟರೆ ಅದೇ ಹೆಚ್ಚು. ಒಂದು ತುಣುಕು 4 ಕಿಲೋಬೈಟಿನದಾದರೆ, ಸೆಕೆಂಡಿಗೆ ದೊರೆತದ್ದು 320 ಕಿಲೋಬೈಟು. ಅಂಗಡಿಯಲ್ಲಿ ಕೇಳಿಬಂದ ಆ ಕರಕರ ಸದ್ದು ತೋಳಿನ ಈ ಅಲೆದಾಟದ್ದು. ಅದೇ ಹಾರ್ಡ್ ಡಿಸ್ಕು ಸಿನಿಮಾದಂತಹ ಒಂದೇ ದೊಡ್ಡ ಕಡತವನ್ನು ಅನುಕ್ರಮವಾಗಿ ಓದುವಾಗ ಸೆಕೆಂಡಿಗೆ 100 ಮೆಗಾಬೈಟನ್ನು ಸಲೀಸಾಗಿ ಒದಗಿಸಬಲ್ಲುದು. ಅದು ಸೋಲುವುದು ಚಿಲ್ಲರೆ ಕೆಲಸದಲ್ಲಿ. ವಿಂಡೋಸಿನ ನಿತ್ಯದ ಕೆಲಸದಲ್ಲಿ ಚಿಲ್ಲರೆಯೇ ಹೆಚ್ಚು. ರ್‍ಯಾಮ್ ಆದರೋ, ಸೆಕೆಂಡನ್ನು ಒಂದು ಕೋಟಿ ಭಾಗ ಮಾಡಿದರೆ ಅಂಥ ಒಂದು ಭಾಗದಷ್ಟು ಕಾಲದಲ್ಲಿ ಉತ್ತರ ಕೊಡುತ್ತದೆ.

ಪೆನ್ ಡ್ರೈವಿನಲ್ಲಿ ತಿರುಗುವ ತಟ್ಟೆಯಿಲ್ಲ, ಅಲೆದಾಡುವ ತೋಳಿಲ್ಲ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಎಂಬ ತಂತ್ರಜ್ಞರು ಕಂಡುಹಿಡಿದ ಫ್ಲ್ಯಾಶ್ ಮೆಮೊರಿ ಅದರ ಜೀವ. ಅದು ಚಿಕ್ಕ ತುಣುಕೊಂದನ್ನು ಒಂದು ಮಿಲಿಸೆಕೆಂಡಿಗೂ ಕಡಮೆ ಅವಧಿಯಲ್ಲಿ ಎತ್ತಿಕೊಡಬಲ್ಲುದು. ಆದರೆ ಯುಎಸ್‌ಬಿ 2.0 ಕಿಂಡಿಯ ಮೂಲಕ ದೊಡ್ಡ ಕಡತವನ್ನು ಸಾಗಿಸುವಾಗ ಅದರ ವೇಗ ಹೆಚ್ಚೆಂದರೆ ಸೆಕೆಂಡಿಗೆ 30 ಮೆಗಾಬೈಟಿನ ಆಸುಪಾಸಿನದು; ಅಲ್ಲಿ ಹಾರ್ಡ್ ಡಿಸ್ಕೇ ಮೇಲು. ಚಿಲ್ಲರೆಯಲ್ಲಿ ಒಂದು ಗೆಲ್ಲುತ್ತದೆ, ಸಗಟಿನಲ್ಲಿ ಇನ್ನೊಂದು. ಈ ಎರಡರ ಗುಣವನ್ನೂ ಜೋಡಿಸಿ ದುಡಿಸಿಕೊಳ್ಳುವ ವಿವೇಕವೇ ರೆಡಿಬೂಸ್ಟ್ ಎಂಬ ಏರ್ಪಾಡು. 2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದೊಂದಿಗೆ ಮೈಕ್ರೋಸಾಫ್ಟ್ ಅದನ್ನು ಜನರ ಕೈಗೆ ಕೊಟ್ಟಿತು. ಅಂದು 512 ಮೆಗಾಬೈಟ್ ರ್‍ಯಾಮ್ ಇದ್ದ ಯಂತ್ರಗಳು ಮನೆಮನೆಯಲ್ಲಿದ್ದವು. ವಿಸ್ತಾ ಆ ಯಂತ್ರಗಳಿಗೆ ಭಾರವಾಗಿತ್ತು. ಪೆನ್ ಡ್ರೈವುಗಳ ಬೆಲೆಯಾದರೋ ಇಳಿಯುತ್ತಿತ್ತು. ಆ ಸಂದರ್ಭದಲ್ಲಿ ಅದೊಂದು ಸಮಯೋಚಿತವಾದ ಕಲ್ಪನೆ.

ಯಾವ ಪೆನ್ ಡ್ರೈವಾದರೂ ಆದೀತೆಂದು ಆ ಏರ್ಪಾಡು ಒಪ್ಪುತ್ತಿರಲಿಲ್ಲ. ಕನಿಷ್ಠ 256 ಮೆಗಾಬೈಟ್ ಸ್ಥಳವಿರಬೇಕು. 4 ಕಿಲೋಬೈಟಿನ ಚದರಿದ ತುಣುಕುಗಳನ್ನು ಸೆಕೆಂಡಿಗೆ 2.5 ಮೆಗಾಬೈಟಿನಂತೆ ಓದಬೇಕು. 512 ಕಿಲೋಬೈಟಿನ ತುಣುಕುಗಳನ್ನು 1.75 ಮೆಗಾಬೈಟಿನಂತೆ ಬರೆಯಬೇಕು. ಹಾರ್ಡ್ ಡಿಸ್ಕಿನ 320 ಕಿಲೋಬೈಟನ್ನು ಈ 2.5 ಮೆಗಾಬೈಟಿನ ಪಕ್ಕದಲ್ಲಿಟ್ಟು ನೋಡಿದರೆ ಸುಮಾರು ಎಂಟು ಪಾಲಿನ ಅಂತರ ಕಾಣುತ್ತದೆ. ಉಪಾಯದ ಬಲವೆಲ್ಲ ಈ ಅಂತರದಲ್ಲಿದೆ. ವಿಸ್ತಾದಲ್ಲಿ 4 ಗಿಗಾಬೈಟಿನವರೆಗೆ ಮಾತ್ರ ಅವಕಾಶವಿದ್ದಿತು. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಒಂದೊಂದೂ 32 ಗಿಗಾಬೈಟಿನಂತೆ ಎಂಟು ಸಾಧನಗಳವರೆಗೆ ಅದನ್ನು ವಿಸ್ತರಿಸಿದರು. ಬಳಸುವ ಕ್ರಮ ಸುಲಭ: ಪೆನ್ ಡ್ರೈವಿನ ಗುರುತಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ರೆಡಿಬೂಸ್ಟ್ ಎಂಬ ಪುಟದಲ್ಲಿ ಒಪ್ಪಿಗೆ ಕೊಟ್ಟರೆ ಆಯಿತು. ಆಮೇಲೆ ಡ್ರೈವಿನಲ್ಲಿ ರೆಡಿಬೂಸ್ಟ್ ಡಾಟ್ ಎಸ್‌ಎಫ್‌ಕ್ಯಾಶ್ ಎಂಬ ಒಂದೇ ದೊಡ್ಡ ಕಡತ ಕಾಣಿಸಿಕೊಳ್ಳುತ್ತದೆ; ಅದನ್ನು ವೈರಸ್ಸೆಂದು ಭ್ರಮಿಸಿ ಅಳಿಸಿಹಾಕಿದವರನ್ನು ಬಲ್ಲೆ. ಅದರೊಳಗಿನ ಮಾಹಿತಿ ಸಂಕ್ಷೇಪಗೊಂಡು, ಎಇಎಸ್–128 ಎಂಬ ಗೂಢಲಿಪಿಯಲ್ಲಿ ಇರುತ್ತದೆ. ಆದುದರಿಂದ ಪೆನ್ ಡ್ರೈವು ಬಸ್ಸಿನಲ್ಲಿ ಬಿದ್ದು ಕಳೆದುಹೋದರೂ ಅದನ್ನು ಪಡೆದವನಿಗೆ ನಿಮ್ಮ ಗುಟ್ಟು ತಿಳಿಯದು. ಕೆಲಸದ ನಡುವೆ ಯಾರಾದರೂ ಅದನ್ನು ಕಿತ್ತರೂ ಕಂಪ್ಯೂಟರ್ ನಿಲ್ಲದು, ಏಕೆಂದರೆ ಮೂಲಪ್ರತಿ ಹಾರ್ಡ್ ಡಿಸ್ಕಿನಲ್ಲಿ ಹಾಗೆಯೇ ಇರುತ್ತದೆ.

ಪೆನ್ ಡ್ರೈವು ರ್‍ಯಾಮ್ ಅಲ್ಲವೆಂಬುದಕ್ಕೆ ಈ ಕಡೆಯ ಮಾತೇ ಸಾಕ್ಷಿ. ರ್‍ಯಾಮಿನಲ್ಲಿರುವುದು ಆಗತಾನೆ ನಡೆಯುತ್ತಿರುವ ಕೆಲಸ. ಯಂತ್ರ ಓಡುತ್ತಿರುವಾಗ ಅದನ್ನು ಕಿತ್ತರೆ ಯಂತ್ರ ಆ ಕ್ಷಣವೇ ನಿಲ್ಲುತ್ತದೆ. ರೆಡಿಬೂಸ್ಟಿನ ಪೆನ್ ಡ್ರೈವಿನಲ್ಲಿರುವುದು ಬೇರೆಡೆ ಇರುವುದರ ನಕಲು. ವಿಸ್ತಾದ ದಿನಗಳಲ್ಲಿ ಆನಂದ್‌ಟೆಕ್ ಎಂಬ ಅಂತರ್ಜಾಲ ಪತ್ರಿಕೆ ನಡೆಸಿದ ಒಂದು ಪರೀಕ್ಷೆ ಇಲ್ಲಿ ಸ್ಮರಣೀಯವಾದುದು: 512 ಮೆಗಾಬೈಟ್ ರ್‍ಯಾಮ್ ಇದ್ದ ಯಂತ್ರದಲ್ಲಿ 11.7 ಸೆಕೆಂಡು ಹಿಡಿಯುತ್ತಿದ್ದ ಒಂದು ಕೆಲಸ, 1 ಗಿಗಾಬೈಟಿನ ರೆಡಿಬೂಸ್ಟನ್ನು ಜೋಡಿಸಿದ ಮೇಲೆ 2 ಸೆಕೆಂಡಿಗೆ ಇಳಿಯಿತು. ಇಷ್ಟನ್ನೇ ಕೇಳಿದವರು ಪೆನ್ ಡ್ರೈವಿಗೆ ಜಯಕಾರ ಹಾಕುವುದು ಸಹಜ. ಆದರೆ ಅದೇ ಯಂತ್ರದ ರ್‍ಯಾಮನ್ನು 1 ಗಿಗಾಬೈಟಿಗೆ ಏರಿಸಿದಾಗ, ಯಾವ ಪೆನ್ ಡ್ರೈವಿನ ನೆರವೂ ಇಲ್ಲದೆ, ಆ ಕೆಲಸ 0.8 ಸೆಕೆಂಡಿನಲ್ಲಿ ಮುಗಿಯಿತು. ಪೆನ್ ಡ್ರೈವಿನಿಂದ ಪ್ರಯೋಜನ ಉಂಟು. ರ್‍ಯಾಮಿಗೆ ಅದು ಸಮಾನವಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳದವರು ಅರ್ಧ ಸತ್ಯವನ್ನು ಹೇಳಿದಂತೆ.

ರ್‍ಯಾಮ್ ಹೆಚ್ಚಿದಷ್ಟೂ ಈ ಉಪಾಯದ ಫಲ ಕುಗ್ಗುತ್ತ ಹೋಗುತ್ತದೆ; 4 ಗಿಗಾಬೈಟು ಇರುವ ಯಂತ್ರದಲ್ಲಿ ಅದು ಬಹುಶಃ ಗಮನಕ್ಕೇ ಬಾರದು. ಒಳಗೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇದ್ದರಂತೂ ವಿಂಡೋಸೇ ಅಡ್ಡಬಂದು, ಈ ಕಂಪ್ಯೂಟರ್ ಸಾಕಷ್ಟು ವೇಗವಾಗಿದೆ, ರೆಡಿಬೂಸ್ಟಿನಿಂದ ಹೆಚ್ಚಿನ ಲಾಭವಿರದು ಎಂಬರ್ಥದ ಸೂಚನೆಯನ್ನು ಕೊಟ್ಟು ಬಾಗಿಲನ್ನು ಮುಚ್ಚುತ್ತದೆ. ಎಸ್‌ಎಸ್‌ಡಿಯಲ್ಲಿ ಇರುವುದೂ ಫ್ಲ್ಯಾಶ್ ಮೆಮೊರಿಯೇ. ಪೆನ್ ಡ್ರೈವಿಗಿಂತ ಎಷ್ಟೋ ಉತ್ತಮವಾದ ನಿಯಂತ್ರಕದೊಡನೆ, ಎಷ್ಟೋ ಅಗಲವಾದ ದಾರಿಯಲ್ಲಿ ಅದು ಜೋಡಣೆಯಾಗಿರುತ್ತದೆ.

ನನಗೆ ನಿಜವಾಗಿಯೂ ವ್ಯಥೆಯಾಗುವುದು ಮೊಬೈಲಿನಲ್ಲಿ ಹರಿದಾಡುವ ಕೆಲವು ವಿಡಿಯೋಗಳ ವಿಷಯದಲ್ಲಿ. ಪೇಜ್ ಫೈಲ್ ಎಂಬುದು ರ್‍ಯಾಮ್ ಸಾಲದೆ ಹೋದಾಗ ನಡೆಯುತ್ತಿರುವ ಕೆಲಸದ ಒಂದಂಶವನ್ನೇ ಇಳಿಸಿಡುವ ಸ್ಥಳ. ಅಲ್ಲಿರುವುದು ನಕಲಲ್ಲ, ಅಸಲು. ಅದನ್ನು ಪೆನ್ ಡ್ರೈವಿಗೆ ವರ್ಗಾಯಿಸುವ ಕೃತಕ ಮಾರ್ಗಗಳನ್ನು ಬೋಧಿಸಿ, ಇದೇ ಉಚಿತ ರ್‍ಯಾಮ್ ಎಂದು ಸಾರುವವರು, ಡ್ರೈವು ಸ್ವಲ್ಪ ಅಲುಗಿದರೂ ಯಂತ್ರವು ಕುಸಿದು ಮಾಡಿದ ಕೆಲಸವೆಲ್ಲ ಹೋದೀತೆಂಬುದನ್ನು ತಿಳಿಸುವುದಿಲ್ಲ. ಫ್ಲ್ಯಾಶಿನ ಒಂದೊಂದು ಕೋಶವನ್ನು ಅಳಿಸಿ ಬರೆಯುವುದಕ್ಕೂ ಒಂದು ಮಿತಿಯುಂಟು. ಅಗ್ಗದ ಡ್ರೈವು ಈ ಎಡೆಬಿಡದ ಬರವಣಿಗೆಯನ್ನು ಬಹುಕಾಲ ತಾಳದು. ಹೊರಮೈಯಲ್ಲಿ ದೊಡ್ಡ ಸಂಖ್ಯೆಯನ್ನು ಅಚ್ಚುಹಾಕಿ ಒಳಗೆ ಅದರ ಒಂದು ಪಾಲನ್ನೂ ಇಡದ ನಕಲಿ ಡ್ರೈವುಗಳು ಬಜಾರಿನಲ್ಲಿರುವುದನ್ನೂ ಮರೆಯಬಾರದು. ಕೂಲಿಮಾಡಿ ಓದಿಸುವ ತಂದೆತಾಯಿಗಳ ಹಣದಿಂದ ಒಬ್ಬ ವಿದ್ಯಾರ್ಥಿ ಈ ಬೋಧನೆಯನ್ನು ನಂಬಿ ದೊಡ್ಡ ಪೆನ್ ಡ್ರೈವು ಕೊಂಡನೆಂದರೆ, ಆ ಮೋಸ ಸಣ್ಣದಲ್ಲ.

ಹಾಗಾದರೆ ಮಾಡತಕ್ಕದ್ದೇನು? ಆ ಡಿಟಿಪಿ ಅಂಗಡಿಯ ಯಂತ್ರದಲ್ಲಿದ್ದುದು 2 ಗಿಗಾಬೈಟ್ ರ್‍ಯಾಮ್ ಮತ್ತು ಹಳೆಯ ಹಾರ್ಡ್ ಡಿಸ್ಕು. ಅಂಥ ಯಂತ್ರಕ್ಕೆ, ಕೈಯಲ್ಲಿ ಹಣವಿಲ್ಲದ ದಿನ, ಮನೆಯಲ್ಲಿ ಹೇಗೂ ಬಿದ್ದಿರುವ ಒಂದು ಒಳ್ಳೆಯ ಪೆನ್ ಡ್ರೈವನ್ನು ರೆಡಿಬೂಸ್ಟಿಗೆ ಕೊಡುವುದರಲ್ಲಿ ತಪ್ಪಿಲ್ಲ. ಕಿಂಚಿತ್ ಉಪಶಮನ ದೊರೆಯಬಹುದು. ಆದರೆ ಅದಕ್ಕಾಗಿ ಹೊಸದನ್ನು ಕೊಳ್ಳಬೇಡಿ. ಆ ಹಣವನ್ನು ಎತ್ತಿಟ್ಟು, ಸ್ವಲ್ಪ ಕೂಡಿಸಿ, ಮೊದಲು ಎಸ್‌ಎಸ್‌ಡಿಯನ್ನೂ ಆಮೇಲೆ ರ್‍ಯಾಮನ್ನೂ ಹಾಕಿಸುವುದು ಲೇಸು. ಮಂಡ್ಯದಲ್ಲಿಯೇ ದೊರೆಯದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಬಿಡಿಭಾಗಗಳ ವ್ಯಾಪಾರಕ್ಕೆ ಆ ಬೀದಿಯೇ ಹೆಸರುವಾಸಿ. ರ್‍ಯಾಮ್ ಕೊಳ್ಳುವಾಗ ಎಚ್ಚರ ಬೇಕು: ಡಿಡಿಆರ್ 2, ಡಿಡಿಆರ್ 3, ಡಿಡಿಆರ್ 4 ಎಂಬ ತಲೆಮಾರುಗಳು ಒಂದಕ್ಕೊಂದು ಹೊಂದುವುದಿಲ್ಲ, ಅಂಚಿನಲ್ಲಿರುವ ಕಚ್ಚಿನ ಸ್ಥಾನವೇ ಬೇರೆ; ಲ್ಯಾಪ್‌ಟಾಪಿನ ರ್‍ಯಾಮು ಮೇಜಿನ ಕಂಪ್ಯೂಟರಿನದಕ್ಕಿಂತ ಗಿಡ್ಡ. ಎಸ್‌ಎಸ್‌ಡಿ ಹಾಕಿಸುವ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಹಳೆಯ ಹಾರ್ಡ್ ಡಿಸ್ಕನ್ನು ಬಿಸುಡದೆ ಸಂಗ್ರಹಕ್ಕೆ ಉಳಿಸಿಕೊಳ್ಳಿ.

ಪೆನ್ ಡ್ರೈವಿನಿಂದಲೇ ಹಳೆಯ ಯಂತ್ರಕ್ಕೆ ಚೈತನ್ಯ ಬರುವ ಇನ್ನೊಂದು ದಾರಿಯುಂಟು. ರೆಡಿಬೂಸ್ಟಿಗಿಂತ ಅದರಲ್ಲಿ ನನಗೆ ಹೆಚ್ಚು ವಿಶ್ವಾಸ. ಲಿನಕ್ಸಿನ ಹಗುರವಾದ ಆವೃತ್ತಿಯೊಂದನ್ನು ಪೆನ್ ಡ್ರೈವಿಗೆ ತುಂಬಿ, ಹಾರ್ಡ್ ಡಿಸ್ಕನ್ನು ಮುಟ್ಟದೆ, ಕಂಪ್ಯೂಟರನ್ನು ಅದರಿಂದಲೇ ಆರಂಭಿಸಿ ನೋಡಬಹುದು. ಹಿಡಿಸಿದರೆ ಅಲ್ಲಿಂದಲೇ ಒಳಗೆ ಸ್ಥಾಪಿಸಿಕೊಳ್ಳಬಹುದು. ಹಿಡಿಸದಿದ್ದರೆ ಡ್ರೈವನ್ನು ಕಿತ್ತು ಮತ್ತೆ ಚಾಲನೆ ಮಾಡಿದರೆ ಹಿಂದಿನ ವಿಂಡೋಸ್ ಇದ್ದ ಹಾಗೆಯೇ ಇರುತ್ತದೆ. ಕನ್ನಡಕ್ಕೂ ಅಲ್ಲಿ ಅಡ್ಡಿಯಿಲ್ಲ: ಯೂನಿಕೋಡ್ ಅಕ್ಷರಗಳುಂಟು, ನಮಗೆ ಪರಿಚಿತವಾದ ಕಗಪ ಕೀಲಿವಿನ್ಯಾಸವೂ ಉಂಟು. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಮುಕ್ತ ತಂತ್ರಾಂಶದಲ್ಲಿ ತರಬೇತಿ ಕೊಡುವ ಕೆಲಸವನ್ನು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ಸೇರಿ ನಡೆಸಿದ್ದರಿಂದ, ಇದನ್ನು ಬಲ್ಲ ಮೇಷ್ಟ್ರುಗಳು ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಕಲಿಯಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದುದರಿಂದ, 4 ಗಿಗಾಬೈಟ್ ರ್‍ಯಾಮನ್ನೂ ಟಿಪಿಎಂ 2.0 ಎಂಬ ರಕ್ಷಣಾ ಅಂಗವನ್ನೂ ಕನಿಷ್ಠವೆಂದು ಕೇಳುವ ವಿಂಡೋಸ್ 11ಕ್ಕೆ ಏರಲಾರದ ಯಂತ್ರಗಳಿಗೆ ಈ ದಾರಿ ಇನ್ನಷ್ಟು ಪ್ರಸ್ತುತವಾಗಿದೆ. ಆದರೆ ಪೇಜ್‌ಮೇಕರಿನಲ್ಲಿ ಹಳೆಯ ನುಡಿ ಅಕ್ಷರಗಳಿಂದ ಲಗ್ನಪತ್ರಿಕೆಗಳನ್ನೂ ಕರಪತ್ರಗಳನ್ನೂ ಕಟ್ಟುವ ಡಿಟಿಪಿಯವರಿಗೆ ವಿಂಡೋಸನ್ನು ಬಿಡುವುದು ಕಷ್ಟವೆಂಬುದನ್ನು ಒಪ್ಪಬೇಕು; ಅವರ ಸಂಗ್ರಹವೆಲ್ಲ ಆ ಹಳೆಯ ಸಂಕೇತಕ್ರಮದಲ್ಲಿದೆ.

ಪೆನ್ ಡ್ರೈವನ್ನು ಬಳಸುವವರಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ದಿನ ಹತ್ತಾರು ಪೆನ್ ಡ್ರೈವುಗಳು ಒಂದೇ ಕಿಂಡಿಯಲ್ಲಿ ಬಂದುಹೋಗುವುದರಿಂದ ವೈರಸ್ಸು ಒಂದರಿಂದ ಇನ್ನೊಂದಕ್ಕೆ ಹರಡುವ ಸಂಭವ ಹೆಚ್ಚು. ಡ್ರೈವು ಸಿಕ್ಕಿಸಿದೊಡನೆ ತಾನಾಗಿ ಕಾರ್ಯಕ್ರಮಗಳು ಓಡುವ ಪದ್ಧತಿಯನ್ನು ವಿಂಡೋಸ್ 7ರಿಂದ ತಡೆದಿರುವರಾದರೂ, ಅಂಗಡಿಗೆ ಒಯ್ಯುವ ಡ್ರೈವು ಬೇರೆ, ಮನೆಯ ಯಂತ್ರದಲ್ಲಿ ಸದಾ ಇರುವ ಡ್ರೈವು ಬೇರೆ ಎಂಬ ನಿಯಮವನ್ನು ಇಟ್ಟುಕೊಳ್ಳುವುದು ಕ್ಷೇಮ.

ಶಿವಪುರ, ಮದ್ದೂರು, ಮಳವಳ್ಳಿಗಳ ಶಾಲೆಗಳಿಗೆ ಸಹಾಯ ಮಾಡಬೇಕೆಂದು ಹಂಬಲಿಸುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಹೊಸ ಕಂಪ್ಯೂಟರೊಂದನ್ನು ದಾನ ಮಾಡಿ ಭಾವಚಿತ್ರ ತೆಗೆಸಿಕೊಳ್ಳುವ ಮೊದಲು, ನಿಧಾನವಾಗಿದೆಯೆಂದು ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿರುವ ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಿಸಲು ಸಾಧ್ಯವೇ ಎಂದು ಮೇಷ್ಟ್ರುಗಳನ್ನು ವಿಚಾರಿಸಿ; ಒಂದು ಹೊಸ ಯಂತ್ರದ ಬೆಲೆಯಲ್ಲಿ ಹಳೆಯವು ಹಲವು ಎದ್ದು ಕೂರುತ್ತವೆ. ಉಳಿದ ಓದುಗರು ಅಂಗಡಿಗೆ ಹೋಗುವ ಮುನ್ನ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಎಂಬ ಪುಟವನ್ನು ತೆರೆದು, ಮೆಮೊರಿ ಎಷ್ಟಿದೆ, ಅದರ ಗೂಡುಗಳು ಎಷ್ಟು ಖಾಲಿ ಇವೆ, ಡಿಸ್ಕು ಯಾವ ಬಗೆಯದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿಯನ್ನು ಅಂಗಡಿಯವರ ಕೈಗೆ ಕೊಟ್ಟ ಮೇಲೆಯೇ ಬೆಲೆಯ ಮಾತು ಆಡಿ.